ಹಣೆಗೆ ಹೊಯ್ದ ನೀರು

ಹೆಸರು ಕೊಟ್ಟು ಬಂದ ಗಳಿಗೆಯಿಂದಲೇ ಇನ್ಯಾಸಪ್ಪನಿಗೆ ಅದನ್ನು ವಾಪಸು ಪಡೆಯಬೇಕು ಅನ್ನಿಸತೊಡಗಿತ್ತು. ಹಿಂದಿನ ಸಂಜೆ, ಸಂತರ ಹಬ್ಬದ ಪೂಜೆ ಮುಗಿದು ಜನ ಚದುರುತ್ತಿದ್ದಾಗ, ಚರ್ಚಿನ ಸ್ವಾಮಿಗಳು ದೇವಾಲಯದ ಮೆಟ್ಟಿಲ ಮೇಲೆ ನಿಂತು, ನಾಳೆ ಸತ್ತವರ ಹಬ್ಬದ ಪೂಜೆಯಲ್ಲಿ ಯಾರ ಯಾರ ಹೆಸರು ಕರೆಯಬೇಕೆಂದು ಒಂದೊಂದು ಮನೆಯವರನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. ಅವನ ಹೆಂಡತಿ ಲೂರ್ದಮ್ಮ ತನ್ನ ತಾತ, ಅಜ್ಜಿ, ಚಿಕ್ಕಪ್ಪಂದಿರು, ಹೆರಿಗೆಯಲ್ಲಿ ಹೋದ ಅಕ್ಕ ಎಲ್ಲರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಗಂಡನ ಮೊಣಕೈ ತಿವಿದು, "ನಿಮ್ಮಮ್ಮನ ಹೆಸರೂ ಹೇಳ್ರಿ, ಈ ವರ್ಷ ತಾನೆ ಹೋಗಿರೋದು, ಸ್ವಾಮಿಗಳು ಬೇಡ ಅನ್ನಲ್ಲ," ಅಂದಳು. ಅಷ್ಟರಲ್ಲಿ ಯಾರೋ ಕೂಗಿದರು, ಅವಳು ಅತ್ತ ತಿರುಗಿದಳು. ಆ ಸಂದಿನಲ್ಲಿ ಇನ್ಯಾಸಪ್ಪ ಮುಂದೆ ಬಗ್ಗಿ, ಗಂಟಲಲ್ಲೇ, "ಮರಿಯಮ್ಮ" ಅಂದ. ಅವನ ತಾಯಿಯ ಹೆಸರು ದೊಡ್ಡವೆಂಕಟಮ್ಮ. ನಂಗಲಿಯ ಹತ್ತಿರದ ಹಳ್ಳಿಯಲ್ಲಿ ರಾಗಿ ಬೀಸಿ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಶನಿವಾರ ತಪ್ಪದೆ ಒಪ್ಪತ್ತು ಮಾಡಿ ಬದುಕಿದ ಆ ಹೆಂಗಸನ್ನು ಬದುಕಿರುವಷ್ಟು ಕಾಲ ಯಾರೂ ಮರಿಯಮ್ಮ ಎಂದು ಕರೆದಿರಲಿಲ್ಲ. ಸ್ವಾಮಿಗಳು ಪೆನ್ನು ನಿಲ್ಲಿಸಿ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಬರೆದುಕೊಂಡರು.

ಬೆಳಗ್ಗೆ ಹಿತ್ತಲಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಹೆರೆಯುವಾಗಲೂ ಆ ನೋಟ ಅವನ ಜೊತೆಯಲ್ಲೇ ಇತ್ತು. ಹಬ್ಬಕ್ಕೆಂದು ಶಾಲೆಗೆ ರಜ ಕೊಟ್ಟಿದ್ದರು, ಎಲ್ಲಿಗೂ ಓಡಬೇಕಾದ್ದಿಲ್ಲ, ಅದೇ ಕಷ್ಟವಾಗಿತ್ತು. ಪಾಠವಿದ್ದರೆ ಬಾಯಿ ಅದರ ಪಾಡಿಗೆ ಅದು ನಡೆಯುತ್ತದೆ. ಭಾನುವಾರಗಳಂದು ಅವನು ಮಕ್ಕಳಿಗೆ ಜಪ, ಧರ್ಮೋಪದೇಶ ಹೇಳಿಕೊಡುತ್ತಿದ್ದ, ಚೆನ್ನಾಗಿಯೇ ಹೇಳಿಕೊಡುತ್ತಿದ್ದ. ಧರ್ಮಸಭೆ ಒಂದೇ ಮನೆ ಕಣ್ರೋ, ಅದಕ್ಕೆ ಮೂರು ಅಂಕಣ, ಎಂದು ಶುರುಮಾಡಿ ಕಪ್ಪು ಹಲಗೆಯ ಮೇಲೆ ಹಳ್ಳಿಮನೆಯೊಂದನ್ನು ಬರೆಯುತ್ತಿದ್ದ. ಜಗಲಿಯಲ್ಲಿ ಇರುವವರು ನಾವು, ಇನ್ನೂ ಹೋರಾಡುತ್ತಿರುವವರು. ನಡುಮನೆಯಲ್ಲಿ ಇರುವವರು ಸತ್ತು, ತಮ್ಮ ಕೊಳೆ ಬೆಂಕಿಯಲ್ಲಿ ಕಳೆಯುವ ತನಕ ಕಾಯುತ್ತಿರುವ ಆತ್ಮಗಳು. ಒಳಗಿನ ದೇವರ ಮನೆಯಲ್ಲಿ ಸಂತರು. ನಡುವೆ ಬಾಗಿಲಿಲ್ಲ, ಒಂದು ತೆರೆ ಅಷ್ಟೇ. ಜಗಲಿಯಲ್ಲಿದ್ದವರು ಕೂಗಿದರೆ ನಡುಮನೆಯವರಿಗೆ ತಂಪಾಗುತ್ತದೆ, ಒಳಗಿದ್ದವರು ನಮಗಾಗಿ ಕೇಳಿಕೊಳ್ಳುತ್ತಾರೆ. ಮಕ್ಕಳಿಗೆ ಈ ಮನೆ ಎಷ್ಟು ಹಿಡಿಸಿತ್ತೆಂದರೆ ಮೂರನ್ನೂ ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ತುಂಬುತ್ತಿದ್ದರು. ಸ್ವಾಮಿಗಳು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಮೆಚ್ಚಿದ್ದರು. ಬೀದಿಯಲ್ಲಿ ಉಳಿದವರು ಎಲ್ಲಿಗೆ ಹೋಗುತ್ತಾರೆ ಎಂದು ಯಾವ ಮಗುವೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸುತ್ತಿದ್ದವನಿಗೆ ಕೆನ್ನೆ ಕೊಯ್ದದ್ದು ತಿಳಿಯಲಿಲ್ಲ, ನೊರೆ ಕೆಂಪಾದ ಮೇಲೆ ಕಂಡಿತು.

ಒಳಗೆ ಲೂರ್ದಮ್ಮ ಮೇಣದಬತ್ತಿಗಳನ್ನು ಜೋಡಿಸುತ್ತಿದ್ದಳು. ಅವಳಿಗೆ ಈ ಹಬ್ಬವೆಂದರೆ ತವರಿಗೆ ಹೋದಷ್ಟು ಸಡಗರ. ಅವಳ ಕಡೆಯವರೆಲ್ಲ ಅದೇ ಸಮಾಧಿ ತೋಟದಲ್ಲಿ ಸಾಲಾಗಿ ಮಲಗಿದ್ದರು. ಮೂರು ತಲೆಮಾರಿನಿಂದ ಧರ್ಮಸಭೆಯವರು. ಯಾವ ಗೋರಿಗೆ ಮೊದಲು ಬತ್ತಿ, ಯಾವುದಕ್ಕೆ ಚೆಂಡುಹೂವು, ಯಾವ ತಾತನಿಗೆ ಬೀಡಿ ಇಷ್ಟವಿತ್ತು, ಎಲ್ಲ ಅವಳಿಗೆ ಬಾಯಿಪಾಠ. ಇನ್ಯಾಸಪ್ಪ ಮದುವೆಗಾಗಿ ಜ್ಞಾನಸ್ನಾನ ಪಡೆದು ಸೇರಿಕೊಂಡವನು. ಅದಕ್ಕೆ ಮೊದಲು ಅವನು ಸೀನಪ್ಪ. ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಾಗಿ, ಅವರು ಕೋಲಾರದ ಹಾಸ್ಟೆಲಿಗೆ ಹೋಗುವಷ್ಟು ದೊಡ್ಡವರಾದ ಮೇಲೂ, ಪೂಜೆಗೆ ಬರುವ ಮುದುಕರು ಅವನ ಬಗ್ಗೆ ಮಾತನಾಡುವಾಗ "ನಮ್ಮ ಹೊಸ ಮೇಷ್ಟ್ರು" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು, ಅವನಿಗೂ ಅದು ಗೊತ್ತಿತ್ತು, ಆದರೂ ಚುಚ್ಚುತ್ತಿತ್ತು. ಪ್ರತಿವರ್ಷ ಈ ದಿನ ಅವನ ಕೈಗೂ ಒಂದು ಬತ್ತಿ ಬರುತ್ತಿತ್ತು. ಹಚ್ಚಿಕೊಂಡು, ಎಲ್ಲಿ ನೆಡುವುದೆಂದು ತಿಳಿಯದೆ ಅತ್ತಿತ್ತ ನೋಡುತ್ತ ನಿಂತಿರುತ್ತಿದ್ದ. ಸುತ್ತ ಎಲ್ಲರೂ ತಮ್ಮ ತಮ್ಮವರ ಮುಂದೆ ಮಂಡಿಯೂರಿರುತ್ತಿದ್ದರು, ಮೇಣ ಕರಗಿ ಅವನ ಬೆರಳಿಗೆ ಇಳಿಯುತ್ತಿತ್ತು. ಒಂದು ಸಲ ಹಾಗೆ ನಿಂತವನನ್ನು ಕಂಡು ಲೂರ್ದಮ್ಮ, "ನಮ್ಮೋರು ಅಂದ್ರೆ ನಿಮ್ಮೋರೂ ಅಲ್ವೇನ್ರಿ, ಅಲ್ಲಿ ನಮ್ಮ ತಾತಂಗೆ ಇಡಿ," ಎಂದು ಕೈಹಿಡಿದು ಕರೆದುಕೊಂಡು ಹೋಗಿದ್ದಳು. ಅವನು ಎಂದೂ ನೋಡದ ಮನುಷ್ಯನ ಗೋರಿಗೆ ಬತ್ತಿ ಅಂಟಿಸಿ, ಎಂದೂ ನೋಡದ ಮನುಷ್ಯನಿಗಾಗಿ ಜಪ ಹೇಳಿದ್ದ. ಬದುಕಿದ್ದವರಲ್ಲಿ ಅವನಿಗೆ ಹೆಂಡತಿ ಮಕ್ಕಳಿದ್ದರು. ಸತ್ತವರಲ್ಲಿ ತನ್ನವರು ಅನ್ನುವವರು ಒಬ್ಬರೂ ಇರಲಿಲ್ಲ. ತಂದೆಯನ್ನು ಹಳ್ಳಿಯಲ್ಲಿ ಸುಟ್ಟು ಬೂದಿಯನ್ನು ಕೆರೆಗೆ ಬಿಟ್ಟಾಗ ಅವನಿನ್ನೂ ಸೀನಪ್ಪನೇ ಆಗಿದ್ದ.

ಶ್ರಾವಣದಲ್ಲಿ ಹಳ್ಳಿ ಕಡೆಯ ಲಾರಿಯವನೊಬ್ಬ ಶಾಲೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ನಿಮ್ಮಣ್ಣ ಎಲ್ಲಪ್ಪ ಹೇಳಿ ಕಳಿಸಿದಾನೆ, ಅಮ್ಮನಿಗೆ ಜೋರಾಗಿದೆಯಂತೆ, ಅಂದಾಗ ಇನ್ಯಾಸಪ್ಪನಿಗೆ ಮೊದಲು ಬಂದದ್ದು ಅಳುವಲ್ಲ. ಈಗ ಅದನ್ನು ನೆನೆದರೆ ಅವನ ಕಿವಿ ಬಿಸಿಯಾಗುತ್ತಿತ್ತು. ನಂಗಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವನು ತಾನೇ ಮಕ್ಕಳಿಗೆ ಹೇಳಿಕೊಟ್ಟದ್ದನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದ: ಸಾಯುವ ಹೊತ್ತಿನಲ್ಲಿ ಗುರುಗಳು ಸಿಗದಿದ್ದರೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ನೀರು ಬೇಕು, ಮಾತು ಬೇಕು, ಪಡೆಯುವವರ ಮನಸ್ಸು ಬೇಕು. ಹಾಗೆ ಪಡೆದು ಹೋದವರ ಸಕಲ ಪಾಪವೂ ತೊಳೆದುಹೋಗುತ್ತದೆ, ನಡುಮನೆಯಲ್ಲಿ ಕಾಯಬೇಕಾದ್ದಿಲ್ಲ. ಬಸ್ಸಿನಲ್ಲೇ ಅವನು ತೀರ್ಮಾನಿಸಿಬಿಟ್ಟಿದ್ದ. ಮನೆ ಮುಟ್ಟಿದಾಗ ತಾಯಿಯ ಪಕ್ಕ ಅಕ್ಕ ಕೊಂಡಮ್ಮ ಒಬ್ಬಳೇ ಇದ್ದಳು. ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ ಹಸಿದಿದ್ದವು, ಎಲ್ಲಪ್ಪನೂ ಅವನ ಹೆಂಡತಿಯೂ ಸೊಪ್ಪು ಕೊಯ್ಯಲು ಹೋಗಿದ್ದರು, ಪಕ್ಕದ ಕೋಣೆಯಿಂದ ಹುಳ ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. "ಬಂದ್ಯಾ, ಸದ್ಯ. ಲೋಟ ಇಲ್ಲೈತೆ, ಕೂತ್ಕೊ, ಎಲ್ಲಪ್ಪನ್ನ ಕೂಗ್ಕೊಂಡು ಬರ್ತೀನಿ," ಎಂದು ಅವಳು ಓಡಿದಳು. ಹಿತ್ತಾಳೆ ಲೋಟದಲ್ಲಿ ಎರಡು ಗುಟುಕಾಗುವಷ್ಟು ನೀರಿತ್ತು. ಅವನು ಕೈಗೆ ತೆಗೆದುಕೊಂಡ. "ಅಮ್ಮಾ, ನಾನು ನಂಬಿರೋ ದೇವರ ಹತ್ರ ಬರ್ತೀಯಾ?" ಎಂದು ಕಿವಿಯ ಹತ್ತಿರ ಬಗ್ಗಿ ಕೇಳಿದ. ಅವಳು ಕಣ್ಣು ತೆರೆದಳು. ಅವನ ಮುಖ ನೋಡಿದಳು, ಆಮೇಲೆ ಕಣ್ಣು ಅವನ ಕೈಯ ಮೇಲೆ ಇಳಿಯಿತು. ಹೂಂ ಎಂಬಂತೆ ತಲೆಯಾಡಿಸಿದಳು. ಬಾಯಿ ತುಸು ತೆರೆಯಿತು. ತಲೆಯಾಡಿಸಿದ್ದು ನಿಜ, ಅದರಲ್ಲಿ ಸುಳ್ಳಿಲ್ಲ. ಅವನು ಒಂದು ಸಲ ಹೊಯ್ದ, ಪಿತನ ನಾಮದಲ್ಲಿ. ಎರಡನೇ ಸಲ ಹೊಯ್ದ, ಸುತನ ನಾಮದಲ್ಲಿ. ಮೂರನೆಯದಕ್ಕೆ ಲೋಟ ಅಲುಗಾಡಿಸಿ ತೊಟ್ಟು ಬೀಳಿಸಬೇಕಾಯಿತು. ಮರಿಯಮ್ಮ ಎಂಬ ಹೆಸರು ಯೋಚಿಸದೆಯೇ ಬಾಯಿಗೆ ಬಂದಿತ್ತು. ನೀರು ಹಣೆಯಿಂದ ಬಿಳಿ ಕೂದಲಿಗೆ ಇಳಿದು, ಒಂದು ಎಳೆ ಕೆನ್ನೆಯ ಮೇಲೆ ಹರಿಯಿತು. ಆಗ ಅವಳು ಆ ಕಡೆಗೆ ಮುಖ ಹೊರಳಿಸಿದಳು. ನಾಲಿಗೆಯ ತುದಿ ಹೊರಗೆ ಬಂದು ತುಟಿಯ ಮೂಲೆಯಲ್ಲಿ ಆ ನೀರನ್ನು ಹುಡುಕಿತು.

ಅವನು ಎದ್ದು ಅಡುಗೆಮನೆಯ ಕಡೆ ಓಡಿದ. ಹೊಸ್ತಿಲಲ್ಲಿ ಕಾಲು ನಿಂತಿತು. ಜಾತಿ ಬಿಟ್ಟು ಹೋದ ಮೇಲೆ ಅತ್ತಿಗೆ ಒಂದು ದಿನವೂ ಬಾರದೇ ಇರು ಅಂದವಳಲ್ಲ, ಆದರೆ ಅವನು ಬಂದಾಗಲೆಲ್ಲ ಕುಡಿಯುವ ನೀರನ್ನು ತಾನೇ ತಂದು ಕೊಡುತ್ತಿದ್ದಳು, ಬಿಂದಿಗೆಯ ಹತ್ತಿರ ಹೋಗಲು ಎಡೆಯಾಗದಂತೆ ನೋಡಿಕೊಳ್ಳುತ್ತಿದ್ದಳು. ಅದು ಇಬ್ಬರಿಗೂ ರೂಢಿಯಾಗಿ ಹೋಗಿತ್ತು. ಮನೆಯಲ್ಲಿ ಯಾರೂ ಇಲ್ಲದ ಆ ಹೊತ್ತಿನಲ್ಲೂ ಅವನು ಬಿಂದಿಗೆಗೆ ಕೈ ಹಾಕಲೋ ಬೇಡವೋ ಎಂದು ನಿಂತ, ನಾಚಿಕೆಗೇಡಿಯಂತೆ ನಿಂತ. ಕೊನೆಗೆ ಲೋಟ ಮುಳುಗಿಸಿ ತುಂಬಿಕೊಂಡು ಬರುವಷ್ಟರಲ್ಲಿ ತಾಯಿಯ ಕಣ್ಣು ಮಾಡಿನ ಕಡೆ ನೆಟ್ಟುಹೋಗಿತ್ತು. ತೆರೆದ ಬಾಯಿಗೆ ಹೊಯ್ದ, ನೀರು ಕಟಬಾಯಿಂದ ಹೊರಗೆ ಬಂದು ಗಲ್ಲ, ಕುತ್ತಿಗೆ, ದಿಂಬು ನೆನೆಸಿತು. ಕೊಂಡಮ್ಮ ಒಳಗೆ ಬಂದದ್ದು ಆಗ. ತಮ್ಮನ ಕೈಯಲ್ಲಿ ಲೋಟ, ತಾಯಿಯ ತುಟಿಯಲ್ಲಿ ನೀರು ಕಂಡು ಅವಳು ಅಲ್ಲೇ ಕುಸಿದು ಕೂತು ಕೈಮುಗಿದಳು. ಕೊಳ್ಳಿ ಇಡುವ ಮೊದಲು ಹೆಣದ ಬಾಯಿಗೆ ಎಲ್ಲರೂ ಅಕ್ಕಿ ಹಾಕುವಾಗ, ಕಿರಿಸ್ತಾನ ಆದೋನು ಹಾಕ್ಬೋದೇನಪ್ಪ ಎಂದು ಯಾರೋ ಎತ್ತಿದ್ದಕ್ಕೆ ಅವಳು ಹೆಣದ ತಲೆದೆಸೆಯಿಂದ, "ಬಾಯಿಗೆ ನೀರು ಬಿಟ್ಟೋನು ಅಕ್ಕಿ ಹಾಕ್ಬಾರ್ದಾ? ನೀವ್ಯಾರಾದ್ರೂ ಬಿಟ್ರಾ?" ಎಂದು ಕೂಗಿದ್ದಳು. ಎಲ್ಲರೂ ದಾರಿ ಬಿಟ್ಟಿದ್ದರು. ಇನ್ಯಾಸಪ್ಪ ಮುಂದೆ ಹೋಗಿ, ಒಣಗಿ ಸೀಳಿದ್ದ ಆ ತುಟಿಗಳ ನಡುವೆ ಅಕ್ಕಿ ಹಾಕಿದ. ಆ ಮರ್ಯಾದೆ ಅವನಿಗೆ ಸಲ್ಲತಕ್ಕದ್ದಲ್ಲ ಎಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅದಾದ ಮೇಲೆ ಒಂದು ಶನಿವಾರ ಅವನು ಪಾಪನಿವೇದನೆಗೆ ಮಂಡಿಯೂರಿ ಸ್ವಾಮಿಗಳಿಗೆ ಹೇಳಿದ್ದ. ಪೂರ್ತಿ ಹೇಳಿರಲಿಲ್ಲ. ನಾಲಿಗೆಯ ವಿಷಯ ಹೇಳಿರಲಿಲ್ಲ. ಜಾಲರಿಯ ಆಚೆಯಿಂದ ಸ್ವಾಮಿಗಳು, "ಆಯಮ್ಮನಿಗೆ ಮನಸ್ಸಿತ್ತೇನು ಮೇಷ್ಟ್ರೇ?" ಎಂದು ಕೇಳಿದರು. ತಲೆಯಾಡಿಸಿದರು ಸ್ವಾಮಿ, ಅಂದ. "ಮನಸ್ಸಿದ್ದು ಪಡೆದಿದ್ರೆ ನೇರ ದೇವರ ಹತ್ರ ಹೋಗಿದಾರೆ. ಅವರಿಗೋಸ್ಕರ ನೀವು ಪ್ರಾರ್ಥನೆ ಮಾಡೋದು ಬೇಕಿಲ್ಲ, ನಿಮಗೋಸ್ಕರ ಅವರೇ ಮಾಡ್ತಾರೆ." ಮನಸ್ಸಿಲ್ಲದಿದ್ದರೆ, ಎಂದು ಅವನು ಕೇಳಿದಾಗ ಅವರು ನಿಟ್ಟುಸಿರು ಬಿಟ್ಟು, "ದೊಡ್ಡವರಿಗೆ ಮನಸ್ಸಿಲ್ಲದೆ ಕೊಟ್ರೆ ಅದು ಜ್ಞಾನಸ್ನಾನ ಅಲ್ಲ, ನೀರು ಹೊಯ್ದಂಗಷ್ಟೇ. ಆಗಲೂ ಅವರು ದೇವರ ಕೈ ಬಿಟ್ಟು ಎಲ್ಲಿಗೂ ಹೋಗಲ್ಲ. ಅದನ್ನ ದೇವರಿಗೆ ಬಿಡಿ," ಅಂದರು. ಒಳ್ಳೆಯ ಮನುಷ್ಯ. ಆದರೆ ಬಿಡುವುದು ಇನ್ಯಾಸಪ್ಪನಿಂದ ಆಗಲಿಲ್ಲ. ತಲೆಯಾಡಿಸಿದ್ದು ದೇವರಿಗೋ, ಲೋಟಕ್ಕೋ? ಅವಳು ಸ್ವರ್ಗದಲ್ಲಿದ್ದಾಳೆಂದು ನಂಬಿದ್ದರೆ ನಿನ್ನೆ ಹೆಸರು ಕೊಡುವ ಅಗತ್ಯವೇ ಇರಲಿಲ್ಲ. ಕೊಟ್ಟದ್ದರಿಂದಲೇ ತನ್ನ ಅನುಮಾನವನ್ನು ಒಪ್ಪಿಕೊಂಡಂತಾಗಿತ್ತು. ಹಾಗಾದರೆ ಯಾಕೆ ಕೊಟ್ಟೆ? ಗಡ್ಡದ ಬ್ಲೇಡು ತೊಳೆಯುತ್ತ ನಿಂತವನಿಗೆ ಉತ್ತರ ತಾನಾಗಿ ಬಂತು, ಬಂದದ್ದು ಕಹಿಯಾಗಿತ್ತು. ಅಲ್ಲಿ ತನ್ನವಳು ಅಂತ ಒಬ್ಬಳು ಬೇಕಾಗಿತ್ತು. ಬತ್ತಿ ಹಿಡಿದು ಪೆಚ್ಚಾಗಿ ನಿಲ್ಲುವುದು ಸಾಕಾಗಿತ್ತು. ಲೋಟ ಕೈಗೆತ್ತಿಕೊಂಡಾಗಲೂ ಅದೇ ಆಸೆ ಇತ್ತೇನೋ, ಅಮ್ಮನ ಆತ್ಮದ ಚಿಂತೆ ಅದರ ಮೇಲೆ ಹೊದಿಸಿದ ಬಟ್ಟೆಯೇನೋ. ಹೋಗಿ ಸ್ವಾಮಿಗಳಿಗೆ ಆ ಹೆಸರು ಹೊಡೆದುಹಾಕಿ ಎಂದು ಹೇಳಿಬಿಡಬೇಕೆಂದು ಅಂಗಿ ತೊಟ್ಟುಕೊಂಡ. ಬಾಗಿಲು ದಾಟುವ ಮೊದಲೇ ಬೀದಿಯಲ್ಲಿ, "ಸೀನಾ," ಎಂದು ಕೂಗಿದ್ದು ಕೇಳಿಸಿತು.

ಆ ಹೆಸರಿನಿಂದ ಅವನನ್ನು ಕರೆಯುವವರು ಮುಳಬಾಗಿಲಿನಲ್ಲಿ ಯಾರೂ ಇರಲಿಲ್ಲ. ಕೊಂಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ, ಕಂಕುಳಲ್ಲಿ ಹಸಿ ಕಡಲೆಕಾಯಿ ಗಂಟು ಇಟ್ಟುಕೊಂಡು ನಿಂತಿದ್ದಳು. ಸಂತೆಯಲ್ಲಿ ಲೂರ್ದಮ್ಮ ಸಿಕ್ಕು, ಸತ್ತೋರ ಹಬ್ಬದಲ್ಲಿ ನಮ್ಮ ಗುಡೀಲಿ ಎಲ್ಲರ ಹೆಸರೂ ಕರೀತಾರೆ, ಬಾ ಅಕ್ಕ, ಎಂದು ಹೇಳಿದ್ದಳಂತೆ. ಇನ್ಯಾಸಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಲೂರ್ದಮ್ಮ ಒಳಗಿನಿಂದ ಸಂಭ್ರಮದಿಂದ ಬಂದು ಅವಳ ಕೈಯ ಗಂಟು ಇಳಿಸಿಕೊಂಡಳು. "ವರ್ಷ ತುಂಬೋಗಂಟ ನಮ್ಮಲ್ಲಿ ಪಕ್ಸಕ್ಕೆ ಎಡೆ ಇಡಂಗಿಲ್ಲ ಕಣಮ್ಮ. ಮಹಾಲಯದಲ್ಲಿ ಎಲ್ಲರ ಮನೇಲೂ ಎಡೆ ಇಟ್ರು, ನಾವು ಸುಮ್ಕೆ ಕೂತಿದ್ವಿ. ಅಮ್ಮನ ಹೆಸರು ಯಾರಾದ್ರೂ ಜೋರಾಗಿ ಕರದ್ರೆ ಕೇಳ್ಬೇಕು ಅನ್ನಿಸ್ತು, ಯಾವ ದೇವ್ರ ಗುಡಿ ಆದ್ರೇನು. ಅದಕ್ಕೆ ಬಸ್ಸು ಹತ್ತಿ ಬಂದ್ಬುಟ್ಟೆ," ಎಂದು ಕೊಂಡಮ್ಮ ಗೋಡೆಗೊರಗಿ ಕೂತಳು.

ಊಟವಾಗಿ ಕಡಲೆಕಾಯಿ ಬಿಡಿಸುತ್ತ ಕೂತಾಗ ಮಾತು ತಾಯಿಯ ಕಡೆಗೇ ಬಂತು. ಇನ್ಯಾಸಪ್ಪ ಎದ್ದು ಹೋಗಬೇಕೆಂದುಕೊಂಡ, ಕೂತೇ ಇದ್ದ.

"ನಿನ್ನ ಗಂಡನ್ನ ನೀನು ಏನಂದ್ಕೊಂಡಿದೀಯೋ ಕಾಣೆ ಲೂರ್ದಮ್ಮ. ನಮ್ಮೂರಲ್ಲಿ ಇವನು ಹೆಸರು ಉಳಿಸ್ಕೊಂಡ," ಅಂದಳು ಕೊಂಡಮ್ಮ. "ಆವತ್ತು ಬೆಳಗ್ಗಿಂದ ಅಮ್ಮ ಒಂದು ತೊಟ್ಟು ಮುಟ್ಟಿರ್ಲಿಲ್ಲ. ಎಲ್ಲಪ್ಪ ಬಿಡಕ್ಕೆ ಹೋದ, ಹಲ್ಲು ಕಚ್ಕೊಂಡ್ಲು. ನಾನು ಬಿಟ್ಟೆ, ಉಗುದ್ಲು. ತುಟಿ ಸೀಳಿ ರಕ್ತ ಬರ್ತಿತ್ತು, ಆದ್ರೂ ಬಾಯಿ ಬಿಡ್ಲಿಲ್ಲ. ಕಡೇಲಿ ಅಮ್ಮಂಗೆ ಬರೀ ತೆಲುಗೇ ಬರ್ತಿತ್ತು, 'ಸೀನಡು ರಾನೀ' ಅಂತಿದ್ಲು. ಸೀನ ಬರ್ಲಿ, ಸೀನ ಬರ್ಲಿ, ಅದೊಂದೇ ಮಾತು."

"ಯಾಕಕ್ಕ, ಇವ್ರೇ ಯಾಕೆ?" ಎಂದಳು ಲೂರ್ದಮ್ಮ.

"ಅದನ್ನೂ ಹೇಳಿದ್ಲು, ಇನ್ನೂ ಮಾತು ನೆಟ್ಟಗಿದ್ದಾಗ. ಅವನು ಆ ಕಡೆ ಹೋದೋನು, ನಾಳೆ ನನಗೆ ಕೊಳ್ಳಿ ಇಡಕ್ಕೆ ಊರೋರು ಅವನ್ನ ಬಿಡಲ್ಲ, ಹೊರಗೆ ನಿಂತ್ಕೋತಾನೆ ನನ್ನ ಮಗ. ಎಲ್ಲಪ್ಪ ಕೊಳ್ಳಿ ಇಡ್ಲಿ. ನೀರು ಮಾತ್ರ ಸೀನಂದೇ ಆಗ್ಲಿ, ಅಂತ." ಕೊಂಡಮ್ಮ ಸಿಪ್ಪೆಗಳನ್ನು ಮಡಿಲಿಂದ ಕೊಡವಿದಳು. ಕಣ್ಣು ತುಂಬಿತ್ತು, ಮುಖದಲ್ಲಿ ಹೆಮ್ಮೆಯಿತ್ತು. "ಇವನು ಬಂದ, ಬಿಟ್ಟ, ಕುಡುದ್ಲು, ಹೋದ್ಲು. ನಾನೇ ಕಣ್ಣಾರೆ ಕಂಡೆ. ಆಯಮ್ಮನ ಪುಣ್ಯ ಯಾರಿಗುಂಟು."

ಇನ್ಯಾಸಪ್ಪನ ಕೈಯಲ್ಲಿ ಬಿಡಿಸಿದ ಕಾಯಿ ಹಾಗೇ ಇತ್ತು. ಬೆಳಗ್ಗಿನಿಂದ, ಅಲ್ಲ, ಶ್ರಾವಣದಿಂದ ಅವನನ್ನು ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ಇಷ್ಟು ಸುಲಭವಾಗಿ, ಕಡಲೆಕಾಯಿ ಸಿಪ್ಪೆಯ ನಡುವೆ ಬಂದು ಬಿದ್ದಿತ್ತು. ಮರಿಯಮ್ಮ ಎಂಬವಳು ಇರಲೇ ಇಲ್ಲ. ನಡುಮನೆಯಲ್ಲೂ ಇಲ್ಲ, ಒಳಗೂ ಇಲ್ಲ. ಇದ್ದವಳು ದೊಡ್ಡವೆಂಕಟಮ್ಮ, ಊರು ಮಗನಿಗೆ ಕೊಡದೆ ಉಳಿಸಿಕೊಳ್ಳುವುದನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಅವನ ಪಾಲಿಗೆ ಒಂದನ್ನು ತೆಗೆದಿಟ್ಟುಕೊಂಡು ಒಣಗಿದ ಬಾಯಿಯಲ್ಲಿ ಕಾದಿದ್ದವಳು. ಅದನ್ನು ಇಸಿದುಕೊಂಡು ಅವನು ತನಗೆ ಬೇಕಾದ ಕಡೆ ಹೊಯ್ದುಕೊಂಡಿದ್ದ. ಲೂರ್ದಮ್ಮ ಕಣ್ಣೊರೆಸಿಕೊಂಡು ಅವನ ಕಡೆ ನೋಡಿ, "ನೀವು ಇದನ್ನ ಒಂದು ದಿನಾನೂ ಹೇಳ್ಲಿಲ್ವಲ್ಲ," ಅಂದಳು. ಅವಳ ದನಿಯಲ್ಲಿ ಅವನು ಎಂದೂ ಕೇಳಿರದ ಗೌರವವಿತ್ತು. ಸ್ವಾಮಿಗಳ ಹತ್ತಿರ ಹೋಗಲು ಇನ್ನೂ ಹೊತ್ತಿತ್ತು. ಆದರೆ ಹೋಗಿ ಹೆಸರು ಬದಲಾಯಿಸಿದರೆ ಯಾಕೆಂದು ಇವರಿಬ್ಬರಿಗೂ ಹೇಳಬೇಕಾಗುತ್ತದೆ, ಸುಮ್ಮನಿದ್ದರೆ ಅಕ್ಕ ಬರಿಗೈಯಲ್ಲಿ ಹಿಂತಿರುಗುತ್ತಾಳೆ. ಅವನು ಸುಮ್ಮನಿದ್ದ. ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದು.

ಸಂಜೆ ಸಮಾಧಿ ತೋಟದಲ್ಲಿ ಹೊಸ ಸುಣ್ಣದ ವಾಸನೆ, ಚೆಂಡುಹೂವಿನ ವಾಸನೆ ಬೆರೆತಿತ್ತು. ಹೆದ್ದಾರಿಯಲ್ಲಿ ಲಾರಿಗಳು ಹೋಗುವಾಗಲೆಲ್ಲ ಸ್ವಾಮಿಗಳ ದನಿ ಮುಚ್ಚಿಹೋಗುತ್ತಿತ್ತು. ಕೊಂಡಮ್ಮ ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಸೆರಗು ಹೊದ್ದು, ಹೆಂಗಸರ ನಡುವೆ ಲೂರ್ದಮ್ಮನ ಪಕ್ಕ ಕೂತಳು. ಎಲ್ಲರೂ ಎದ್ದಾಗ ಎದ್ದಳು, ಮಂಡಿಯೂರಿದಾಗ ಸೊಂಟ ಹಿಡಿದುಕೊಂಡು ಮಂಡಿಯೂರಿದಳು. ಹ್ಯಾಗೆ ಮಾಡಬೇಕೋ ತಿಳಿಯದೆ ತಪ್ಪಾದೀತೆಂಬ ಅಂಜಿಕೆಯಿಂದ ಅಕ್ಕಪಕ್ಕ ನೋಡುತ್ತಿದ್ದ ಅವಳನ್ನು ಕಂಡು ಇನ್ಯಾಸಪ್ಪನಿಗೆ ತನ್ನ ಮೊದಲ ವರ್ಷ ನೆನಪಾಯಿತು. ಪ್ರಸಂಗದಲ್ಲಿ ಸ್ವಾಮಿಗಳು, ಇರುವವರೂ ಹೋದವರೂ ಒಂದೇ ಕುಟುಂಬ, ಸಾವು ಆ ನಂಟನ್ನು ಕಡಿಯಲಾರದು, ಎಂದು ಹೇಳುತ್ತಿದ್ದರು. ಅವನದೇ ಪಾಠ. ಆಮೇಲೆ ಅವರು ಹೆಸರು ಓದತೊಡಗಿದರು. ಅಂತೋಣಪ್ಪ, ರಾಯಪ್ಪ, ಆರೋಗ್ಯಮ್ಮ. ಪ್ರತಿ ಹೆಸರಿನ ಹಿಂದೆ, ಇವರಿಗೆ ನಿತ್ಯ ವಿಶ್ರಾಂತಿ ಕೊಡು ಪ್ರಭುವೇ, ಎಂದು ಜನ ಒಟ್ಟಾಗಿ ಹೇಳುತ್ತಿದ್ದರು. ಎರಡು ಮೂರು ಹೆಸರಾಗುವಷ್ಟರಲ್ಲಿ ಕೊಂಡಮ್ಮ ಅದನ್ನು ಕಲಿತುಕೊಂಡು ತಾನೂ ಹೇಳತೊಡಗಿದಳು. ಗೊತ್ತಿಲ್ಲದ ಒಬ್ಬೊಬ್ಬರಿಗಾಗಿಯೂ ಮನಸಾರೆ ಹೇಳುತ್ತಿದ್ದಳು, ಮುಂದಿನದು ಅಮ್ಮನ ಹೆಸರೇನೋ ಎಂದು ಪ್ರತಿಸಲವೂ ಕತ್ತು ಮುಂದಕ್ಕೆ ಚಾಚುತ್ತಿದ್ದಳು. "ಮರಿಯಮ್ಮ," ಎಂದು ಓದಿ ಸ್ವಾಮಿಗಳು ತಲೆಯೆತ್ತಿದರು, ಗಂಡಸರ ಸಾಲಿನಲ್ಲಿ ನಿಂತಿದ್ದ ಇನ್ಯಾಸಪ್ಪನ ಕಡೆ ನೋಡಲಿಲ್ಲ. ಇವರಿಗೆ ನಿತ್ಯ ವಿಶ್ರಾಂತಿ ಕೊಡು ಪ್ರಭುವೇ, ಅಂದಳು ಕೊಂಡಮ್ಮ, ಮತ್ತೆ ಕತ್ತು ಚಾಚಿದಳು. ಇನ್ನೂ ಎಷ್ಟೋ ಹೆಸರುಗಳು ಬಂದವು. ಕೊನೆಗೆ ಸ್ವಾಮಿಗಳು ಹಾಳೆ ಮಡಿಸಿದರು.

ಜನ ಬತ್ತಿ ಹಚ್ಚಿಕೊಂಡು ತಮ್ಮ ತಮ್ಮ ಗೋರಿಗಳ ಕಡೆ ಹೋದರು. ಕೊಂಡಮ್ಮ ಅವನನ್ನು ಹುಡುಕಿಕೊಂಡು ಬಂದಳು. ಬೇಸರವನ್ನು ಮುಚ್ಚಿಕೊಳ್ಳಲು ನಗುತ್ತಿದ್ದಳು. "ಅಮ್ಮಂದು ಬರ್ಲಿಲ್ವಲ್ಲೋ ಸೀನ. ಸ್ವಾಮಿಗಳು ಮರೆತ್ರೇನೋ. ಇಷ್ಟೊಂದು ಜನದಲ್ಲಿ ಪಾಪ, ಹೋಗ್ಲಿ ಬಿಡು."

"ಮರೆಯೋದೆಂಗೆ, ನಿನ್ನೆ ಇವ್ರೇ ಹೇಳಿದ್ರಲ್ಲ," ಎಂದು ಲೂರ್ದಮ್ಮ ಅವನ ಕಡೆ ತಿರುಗಿದಳು.

ಮರೆತರು ಅಂದುಬಿಟ್ಟರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ಮೇಲೆ ಬಂದಿತ್ತು. ಅಕ್ಕನ ಮುಖ ನೋಡಿದ. ಗೊತ್ತಿಲ್ಲದ ಇಷ್ಟು ಜನರಿಗೆ ವಿಶ್ರಾಂತಿ ಬೇಡಿ ಬಂದ ಮುಖ ಅದು. "ಕರದ್ರು ಅಕ್ಕ. ಮರಿಯಮ್ಮ ಅಂದ್ರಲ್ಲ, ಅದು ಅಮ್ಮನೇ," ಅಂದ. ತಾನು ಕೊಟ್ಟ ಹೆಸರು ಅದು, ಆವತ್ತು ಲೋಟ ಇಸಿದುಕೊಂಡು ಅಮ್ಮನ ಹಣೆಗೆ ಮೂರು ಸಲ ಹೊಯ್ದು ಜ್ಞಾನಸ್ನಾನ ಕೊಟ್ಟೆ, ನನ್ನ ದೇವರ ಹತ್ರ ಬರ್ತೀಯಾ ಅಂತ ಕೇಳಿದ್ದಕ್ಕೆ ತಲೆಯಾಡಿಸಿದಳು, ಎಂದು ಒಂದಾದ ಮೇಲೊಂದು, ಮಕ್ಕಳು ಪಾಠ ಒಪ್ಪಿಸಿದಂತೆ ಹೇಳಿದ. ಲೂರ್ದಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಅವಳ ಮುಖವೆಲ್ಲ ಅರಳಿಹೋಗಿತ್ತು. "ಅಯ್ಯೋ ದೇವರೇ, ಇಂಥಾ ಸಂತೋಷದ ಮಾತು ಇಷ್ಟು ದಿನ ಹೊಟ್ಟೇಲಿಟ್ಕೊಂಡಿದ್ರಾ! ಅಕ್ಕ, ಅತ್ತೆ ಸ್ವರ್ಗದಲ್ಲಿದಾರೆ," ಎಂದು ಕೊಂಡಮ್ಮನ ಕೈ ಹಿಡಿದುಕೊಂಡಳು.

ಇನ್ಯಾಸಪ್ಪ ಬೈಗುಳಕ್ಕೆ ಕಾದು ನಿಂತ. ಜಾತಿ ಕೆಡಿಸಿದೆ, ಅಮ್ಮನ್ನೂ ಕೆಡಿಸಿದೆ ಎಂದು ಅಕ್ಕ ಎದೆ ಬಡಿದುಕೊಂಡು ಕೂಗಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕೊಂಡಮ್ಮ ಹಾಗೇನೂ ಮಾಡಲಿಲ್ಲ. ಹೆಸರು, ದೇವರು, ಸ್ವರ್ಗ ಯಾವುದೂ ಅವಳಿಗೆ ತಟ್ಟಿದಂತೆ ಕಾಣಲಿಲ್ಲ. ಏನನ್ನೋ ಸರಿಯಾಗಿ ತಿಳಿದುಕೊಳ್ಳಲು ಕಷ್ಟಪಡುತ್ತಿರುವವಳಂತೆ ಹುಬ್ಬು ಗಂಟಿಕ್ಕಿ, ನಿಧಾನವಾಗಿ ಕೇಳಿದಳು:

"ಎಲ್ಲಾನೂ ಹಣೆಗೇ ಹುಯ್ದ್ಯಾ?"

"ಎಲ್ಲಾನೂ."

"ಹಂಗಾದ್ರೆ ನಾನು ಬಂದಾಗ ಬಾಯಲ್ಲಿದ್ದದ್ದು?"

"ಆಮೇಲೆ ಒಳಗಿಂದ ತಂದೆ. ತರೋದ್ರೊಳಗೆ ಹೋಗ್ಬಿಟ್ಟಿದ್ಲು."

"ಹಂಗಾದ್ರೆ ಅಮ್ಮ ಕುಡೀಲೇ ಇಲ್ವಾ?"

"ಇಲ್ಲ ಅಕ್ಕ."

ಲೂರ್ದಮ್ಮನ ಹಿಡಿತದಿಂದ ಕೊಂಡಮ್ಮ ತನ್ನ ಕೈ ಬಿಡಿಸಿಕೊಂಡಳು. ಸುತ್ತ ಬತ್ತಿಗಳು ಉರಿಯುತ್ತಿದ್ದವು, ಹೆಂಗಸರು ಜಪ ಹೇಳುತ್ತಿದ್ದರು. ಅವಳು ಅಲ್ಲೇ, ಯಾರದೋ ಗೋರಿಯ ಪಕ್ಕದ ಮಣ್ಣಿನ ಮೇಲೆ ಕೂತಳು. "ಬೆಳಗ್ಗಿಂದ ಕಾದಿದ್ಲು ಕಣೋ," ಅಂದಳು, ಅವನಿಗೆ ಅದು ಇನ್ನೂ ಗೊತ್ತಿಲ್ಲವೇನೋ ಎಂಬಂತೆ.